ಸೊನ್ನೆ ಬೈಟಿನ ಫೈಲ್: ಕಾಸರಕೋಡಿನ ದಂಡೆಯಲ್ಲಿ ಕಲಿತ ಕಂಪ್ರೆಶನ್ ಪಾಠ

ಹೊನ್ನಾವರ ಪೇಟೆಯಿಂದ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡ. ಹೊರಗಿನವರಿಗೆ ಇದು 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಬೀಚ್. ಊರಿನವರಿಗೆ ದೋಣಿ, ಬಲೆ, ಟೊಂಕದ ಒಣಮೀನು, ಮತ್ತೆ ಮಳೆಗಾಲದಲ್ಲಿ ಏರುವ ನದಿ. ಮೇಲಿನ ಗೇರುಸೊಪ್ಪೆ ಅಣೆಕಟ್ಟೆಯಿಂದ ನೀರು ಬಿಟ್ಟ ದಿನವೇ ಕಡಲಲ್ಲೂ ಭರತ ಇದ್ದರೆ ದಂಡೆಯ ಮೇಲಿನ ಮನೆಯವರಿಗೆ ನಿದ್ದೆ ಇಲ್ಲ.

ಕಳೆದ ಮಳೆಗಾಲದಲ್ಲಿ ನಾವು ನಾಲ್ಕು ಜನ ಸೇರಿ ಅಲ್ಲಿಗೆ ಒಂದು ಪೆಟ್ಟಿಗೆ ಮಾಡಿದ್ವಿ. ನಿಮಿಷಕ್ಕೊಮ್ಮೆ ನೀರಿನ ಮಟ್ಟ, ಉಷ್ಣತೆ, ಉಪ್ಪಿನಂಶ ಅಳೆದು ಬರೆದಿಡುವ ಲಾಗರ್. ಒಳಗೆ ಪುಟ್ಟ ಲಿನಕ್ಸ್ ಬೋರ್ಡ್, ಮೆಮೊರಿ ಕಾರ್ಡ್, ಬ್ಯಾಟರಿ, ಮೇಲೊಂದು ಸೋಲಾರ್ ಪ್ಯಾನೆಲ್. ಜಾಗ ಉಳಿಸೋಣ ಅಂತ ಪ್ರೋಗ್ರಾಮ್ ಡೇಟಾವನ್ನು ಬರೆಯುವಾಗಲೇ ಕುಗ್ಗಿಸಿ, ದಿನಕ್ಕೊಂದು ಜಿ-ಜಿಪ್ ಫೈಲಿಗೆ ಹಾಕುವಂತೆ ಮಾಡಿದ್ವಿ. ವಾರಗಟ್ಟಲೆ ಚೆನ್ನಾಗಿಯೇ ನಡೆಯಿತು.

ಆಮೇಲೆ ಆಷಾಢದ ಮೋಡ. ಪ್ಯಾನೆಲ್ಲಿಗೆ ಬಿಸಿಲಿಲ್ಲ. ನೀರು ಏರಿದ ರಾತ್ರಿಯೇ ಬ್ಯಾಟರಿ ಸತ್ತಿತು. ಎರಡು ದಿನ ಬಿಟ್ಟು ಕಾರ್ಡ್ ತೆಗೆದು ನೋಡಿದರೆ ಆ ದಿನದ ಫೈಲ್ ಇತ್ತು, ಗಾತ್ರ ಮಾತ್ರ ಸೊನ್ನೆ ಬೈಟು. ಬೆಳಿಗ್ಗೆಯಿಂದ ರಾತ್ರಿಯವರೆಗಿನ ಅಳತೆಗಳಲ್ಲಿ ಒಂದು ಸಾಲೂ ಇಲ್ಲ.

ಪೆಟ್ಟಿಗೆ ಕಟ್ಟಲು ಜಾಗ ಕೊಟ್ಟಿದ್ದ ದೋಣಿಯವರು ಕೇಳಿದರು: "ಮೊನ್ನೆ ರಾತ್ರಿ ನೀರು ಎಲ್ಲಿ ತನಕ ಬಂದಿತ್ತು, ನಿಮ್ಮ ಪೆಟ್ಟಿಗೆ ಹೇಳ್ತದಾ ತಮ್ಮಾ?"

"ಇಲ್ಲ ಅಣ್ಣ, ಫೈಲ್ ಖಾಲಿ."

ಅವರು ನಕ್ಕು, ಕಂಬದ ಮೇಲೆ ಕೆಸರು ನಿಂತಿದ್ದ ಗೆರೆ ತೋರಿಸಿದರು. ನಮ್ಮ ಪೆಟ್ಟಿಗೆಗಿಂತ ಆ ಕಂಬವೇ ಚೆನ್ನಾಗಿ ದಾಖಲೆ ಇಟ್ಟಿತ್ತು.

ತಪ್ಪು ಸೆನ್ಸರಿನದಲ್ಲ, ಬೋರ್ಡಿನದಲ್ಲ. ಕಂಪ್ರೆಶನ್ ಟೂಲ್ ಆರಿಸಿದ ನಮ್ಮದು. "ಯಾವುದು ಹೆಚ್ಚು ಕುಗ್ಗಿಸುತ್ತದೆ?" ಅನ್ನೋ ಒಂದೇ ಪ್ರಶ್ನೆ ಕೇಳಿಕೊಂಡಿದ್ವಿ. ಸಣ್ಣ ಸಾಧನಕ್ಕೆ ಅದು ಕೊನೆಯ ಪ್ರಶ್ನೆ. ಅದಕ್ಕೆ ಮೊದಲು ಕೇಳಬೇಕಾದವು ಯಾವುವು ಅನ್ನೋದೇ ಈ ಲೇಖನ. ಪ್ರಾಜೆಕ್ಟ್ ಮಾಡುವವರು ಪೆನ್ನು ಹಿಡಿದು ಓದಿ, ಲೆಕ್ಕಗಳನ್ನು ನೀವೂ ಹಾಕಿ ನೋಡಿ.

ಕಟ್ಟುವುದು ಬೇರೆ, ಕುಗ್ಗಿಸುವುದು ಬೇರೆ

ನಾವೆಲ್ಲ "ಜಿಪ್ ಮಾಡು" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಎರಡು ಕೆಲಸ ಇದೆ. ಹಲವು ಫೈಲುಗಳನ್ನು ಹೆಸರು, ದಿನಾಂಕ, ಗಾತ್ರದ ಸಮೇತ ಒಂದೇ ಫೈಲಾಗಿ ಜೋಡಿಸುವುದು ಆರ್ಕೈವ್. ಬೈಟುಗಳ ಸಂಖ್ಯೆ ಇಳಿಸುವುದು ಕಂಪ್ರೆಶನ್. ಟೊಂಕದಲ್ಲಿ ಮೀನನ್ನು ಬುಟ್ಟಿಗೆ ತುಂಬುವುದು ಒಂದು ಕೆಲಸ, ಬಿಸಿಲಿಗೆ ಹಾಕಿ ನೀರಿನಂಶ ತೆಗೆಯುವುದು ಇನ್ನೊಂದು ಕೆಲಸ ಅಲ್ವಾ, ಹಾಗೆ. ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ಒಣಮೀನು ನೆನೆಸಿದರೆ ಹಸಿಮೀನು ಆಗುವುದಿಲ್ಲ. ನಮ್ಮ ಡೇಟಾ ಬಿಚ್ಚಿದಾಗ ಒಂದು ಬಿಟ್ಟೂ ಬದಲಾಗದೆ ವಾಪಸ್ ಬರಬೇಕು. ಇದನ್ನೇ ನಷ್ಟರಹಿತ ಕಂಪ್ರೆಶನ್ ಅನ್ನುತ್ತಾರೆ. ಫೋಟೋ, ಹಾಡುಗಳಿಗೆ ಬಳಸುವ ಜೆಪೆಗ್, ಎಂಪಿ3 ಒಣಮೀನಿನ ಜಾತಿ. ಇಲ್ಲಿ ಅವು ಬೇಡ.

ಯೂನಿಕ್ಸ್ ಲೋಕದಲ್ಲಿ ಈ ಎರಡು ಕೆಲಸಕ್ಕೆ ಎರಡು ಟೂಲ್. ಟಾರ್ ಕಟ್ಟುತ್ತದೆ, ಜಿ-ಜಿಪ್ ಅಥವಾ ಎಕ್ಸ್‌ಝಡ್ ಕುಗ್ಗಿಸುತ್ತದೆ. ಜಿಪ್ ಅನ್ನುವ ಫಾರ್ಮ್ಯಾಟ್ ಎರಡನ್ನೂ ತಾನೇ ಮಾಡುತ್ತದೆ. ಸಣ್ಣ ಸಾಧನದಲ್ಲಿ ಇವನ್ನು ಬೇರೆ ಬೇರೆಯಾಗಿ ಯೋಚಿಸುವುದೇ ಒಳ್ಳೆಯದು. ಎಷ್ಟೋ ಸಲ ಒಂದು ಸಾಕು, ಕೆಲವೊಮ್ಮೆ ಎರಡೂ ಬೇಡ.

ಮೊದಲು ಡೇಟಾ ನೋಡಿ

ನಮ್ಮ ಫೈಲಿನ ಒಂದು ಸಾಲು ಹೀಗಿತ್ತು:

2025-07-14 06:31:00,27.4,1.83,0.6

ಸಾಲಿನ ಕೊನೆಯ ಗುರುತೂ ಸೇರಿ 34 ಬೈಟು. ದಿನಕ್ಕೆ 1,440 ನಿಮಿಷ, ಅಂದರೆ 48,960 ಬೈಟು. ಈಗ ಯಾವ ಟೂಲೂ ಇಲ್ಲದೆ, ಬರೀ ಯೋಚನೆಯಿಂದ ಎಷ್ಟು ಇಳಿಸಬಹುದು ನೋಡೋಣ.

ಅಳತೆ ನಿಮಿಷಕ್ಕೊಮ್ಮೆ ಅಂತ ಗೊತ್ತಿದ್ದ ಮೇಲೆ ಪ್ರತಿ ಸಾಲಿಗೂ ಸಮಯ ಯಾಕೆ? ಗಂಟೆಯ ಆರಂಭದಲ್ಲಿ ಒಮ್ಮೆ ಬರೆದರೆ ಸಾಕು. 27.4 ಡಿಗ್ರಿಯನ್ನು 274 ಅಂತ, 1.83 ಮೀಟರನ್ನು 183 ಅಂತ, 0.6 ಉಪ್ಪಿನಂಶವನ್ನು 6 ಅಂತ ಪೂರ್ಣಾಂಕ ಮಾಡಿದರೆ ಒಂದೊಂದಕ್ಕೂ 2 ಬೈಟು. ನಿಮಿಷಕ್ಕೆ 6, ದಿನಕ್ಕೆ 8,640 ಬೈಟು.

ಇನ್ನೂ ಒಂದು ಹೆಜ್ಜೆ. ನದಿಯ ನೀರು ಒಂದು ನಿಮಿಷದಲ್ಲಿ ಒಂದು ಮೀಟರ್ ಹಾರುವುದಿಲ್ಲ. ಹಿಂದಿನ ನಿಮಿಷಕ್ಕೂ ಈ ನಿಮಿಷಕ್ಕೂ ಇರುವ ವ್ಯತ್ಯಾಸ ಮಾತ್ರ ಬರೆದರೆ, ಅಂದರೆ ಡೆಲ್ಟಾ, -127ರಿಂದ 127ರೊಳಗೆ ಕೂರುತ್ತದೆ. ಒಂದು ಬೈಟು ಸಾಕು. ಅಪ್ಪಿತಪ್ಪಿ ದೊಡ್ಡ ಜಿಗಿತ ಬಂದರೆ -128 ಅನ್ನೋ ಗುರುತು ಹಾಕಿ ಮುಂದೆ ಪೂರ್ತಿ ಬೆಲೆ ಬರೆಯಬಹುದು. ಹೀಗೆ ನಿಮಿಷಕ್ಕೆ 3 ಬೈಟು. ಗಂಟೆಗೆ 180, ಜೊತೆಗೆ ಸಮಯ ಮತ್ತು ಆರಂಭದ ಬೆಲೆಗಳಿಗೆ 16 ಬೈಟಿನ ತಲೆಬರಹ, ಒಟ್ಟು 196. ದಿನಕ್ಕೆ 4,704 ಬೈಟು.

48,960 ಎಲ್ಲಿ, 4,704 ಎಲ್ಲಿ! ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಇನ್ನೂ ಒಂದೂ ಕಂಪ್ರೆಶನ್ ಟೂಲ್ ಮುಟ್ಟಿಲ್ಲ. ಬೇಕಾದ ಮೆಮೊರಿ? ಹಿಂದಿನ ಮೂರು ಬೆಲೆ ನೆನಪಿಡಲು 6 ಬೈಟು.

ಇಲ್ಲೊಂದು ಎಚ್ಚರಿಕೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಳೆ ಅಳೆದು ಕಳಿಸುತ್ತವೆ. ದಿನಕ್ಕೆ 96 ಅಳತೆ. ಜನವರಿಯ ಒಂದು ದಿನವನ್ನು ಊಹಿಸಿಕೊಳ್ಳಿ: 96 ಸೊನ್ನೆ. "ಸೊನ್ನೆ, 96 ಸಲ" ಅಂತ ಎರಡು ಬೈಟಿನಲ್ಲಿ ಮುಗಿಯಿತು. ಆದರೆ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಹೊನ್ನಾವರದ ಜುಲೈನಲ್ಲಿ ಪ್ರತಿ ಅಳತೆಯೂ ಬೇರೆ. ಯಾವ ದಿನದ ಡೇಟಾ ನಮಗೆ ಹೆಚ್ಚು ಬೇಕೋ ಆ ದಿನವೇ ಅದು ಕಡಿಮೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಟೆಸ್ಟ್ ಮಾಡಿ "ನೂರಕ್ಕೆ ಒಂದಾಯ್ತು" ಅಂತ ಬೀಗಿ ಮಳೆಗಾಲಕ್ಕೆ ಜಾಗ ಲೆಕ್ಕ ಹಾಕಿದರೆ ಕೆಟ್ಟಿರಿ. ಲೆಕ್ಕ ಯಾವಾಗಲೂ ಅತಿ ಕೆಟ್ಟ ದಿನಕ್ಕೆ.

ಟೂಲಿನ ಒಳಗೆ ನಡೆಯುವುದೇನು?

ಬಹುತೇಕ ಟೂಲುಗಳಲ್ಲಿ ಎರಡು ಹಳೆಯ ಉಪಾಯಗಳಿವೆ. ಒಂದು, 1977ರಲ್ಲಿ ಲೆಂಪೆಲ್ ಮತ್ತು ಝಿವ್ ಕೊಟ್ಟದ್ದು: ಹಿಂದೆ ಬಂದದ್ದು ಮತ್ತೆ ಬಂದರೆ ಮತ್ತೆ ಬರೆಯಬೇಡ, "ಇಷ್ಟು ಹಿಂದೆ ಹೋಗಿ ಇಷ್ಟು ನಕಲು ಮಾಡು" ಅಂತ ಬರೆ. ನಮ್ಮ ಫೈಲಿನಲ್ಲಿ 06:31ರ ಸಾಲು, 06:32ರ ಸಾಲು ಎರಡರದ್ದೂ ಮೊದಲ 15 ಅಕ್ಷರ ಒಂದೇ. "34 ಹಿಂದೆ, 15 ನಕಲು" ಅಂದರೆ ಆಯಿತು. ಎಷ್ಟು ಹಿಂದಿನವರೆಗೆ ನೋಡಬಹುದು ಅನ್ನೋದು ಕಿಟಕಿಯ ಗಾತ್ರ. ಕಿಟಕಿ ದೊಡ್ಡದಾದಷ್ಟೂ ಮೆಮೊರಿ ಹೆಚ್ಚು ಬೇಕು.

ಇನ್ನೊಂದು, ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ವಿಧಾನ. ಅವರು ಅದನ್ನು ಕಂಡುಹಿಡಿದದ್ದು ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪರೀಕ್ಷೆಯ ಬದಲು ಬರೆಯಬೇಕಿದ್ದ ಟರ್ಮ್ ಪೇಪರಿಗಾಗಿ! ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ನಮ್ಮ ಡೆಲ್ಟಾಗಳು 0, 0, 1, 0, 0, -1, 0, 1 ಅಂತಿದ್ದರೆ, ಸೊನ್ನೆಗೆ "0", ಒಂದಕ್ಕೆ "10", ಮೈನಸ್ ಒಂದಕ್ಕೆ "11" ಕೊಡಿ. ಎಂಟು ಬೈಟು, ಅಂದರೆ 64 ಬಿಟ್ಟು, 11 ಬಿಟ್ಟಿಗೆ ಇಳಿಯಿತು. ಸಂಕೇತಗಳ ಪಟ್ಟಿಯನ್ನೂ ಜೊತೆಗೆ ಕಳಿಸಬೇಕು ಅನ್ನೋದು ಮರೆಯಬೇಡಿ. ಡೇಟಾ ತೀರಾ ಚಿಕ್ಕದಾದರೆ ಪಟ್ಟಿಯೇ ಭಾರವಾಗುತ್ತದೆ.

ಎರಡನ್ನೂ ಸೇರಿಸಿದರೆ ಡಿಫ್ಲೇಟ್. ಜಿಪ್, ಜಿ-ಜಿಪ್, ಪಿಎನ್‌ಜಿ ಚಿತ್ರ, ಎಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ.

ಮೆಮೊರಿ ಲೆಕ್ಕ

ಲ್ಯಾಪ್‌ಟಾಪಿನಲ್ಲಿ ನಾವು ಈ ಲೆಕ್ಕ ಹಾಕುವುದೇ ಇಲ್ಲ. ಆರ್ಡುಯಿನೊ ಊನೊದಲ್ಲಿರುವ ರ‍್ಯಾಮ್ 2 ಕೆಬಿ. ರಾಸ್ಪ್‌ಬೆರಿ ಪೈ ಪಿಕೊದಲ್ಲಿ 264 ಕೆಬಿ, ಇಎಸ್‌ಪಿ32ರಲ್ಲಿ 520 ಕೆಬಿ. ಟೂಲುಗಳ ಹಸಿವು ಎಷ್ಟು ನೋಡಿ:

- ಹೀಟ್‌ಶ್ರಿಂಕ್: ಮೈಕ್ರೊಕಂಟ್ರೋಲರಿಗಾಗಿಯೇ ಬರೆದದ್ದು. ಕಿಟಕಿಯನ್ನು 256 ಬೈಟಿಗೆ ಇಳಿಸಬಹುದು. ಆಗ ಕುಗ್ಗಿಸಲು ಕೆಲವು ನೂರು ಬೈಟು ಸಾಕು. ಊನೊದಲ್ಲಿ ಕೂರುವುದು ಇಂಥದ್ದೇ.
- ಎಲ್‌ಝಡ್4: ಕುಗ್ಗಿಸಲು ಡೀಫಾಲ್ಟಾಗಿ 16 ಕೆಬಿ ಕೋಷ್ಟಕ. ಬಿಚ್ಚಲು ಫಲಿತಾಂಶಕ್ಕೆ ಬೇಕಾದ ಜಾಗ ಬಿಟ್ಟು ಬೇರೇನೂ ಬೇಡ. ಬಹಳ ವೇಗ, ಕುಗ್ಗುವುದು ಕಡಿಮೆ.
- ಝಡ್‌ಲಿಬ್ (ಡಿಫ್ಲೇಟ್): ಡೀಫಾಲ್ಟಾಗಿ ಕುಗ್ಗಿಸಲು ಸುಮಾರು 256 ಕೆಬಿ, ಬಿಚ್ಚಲು ಸುಮಾರು 40 ಕೆಬಿ. ಪಿಕೊದಲ್ಲಿ ಇದು ಕೂರುವುದಿಲ್ಲ ಅಂತಲೇ ಲೆಕ್ಕ. ಆದರೆ ಕಿಟಕಿಯನ್ನು 1 ಕೆಬಿಗೆ, ಒಳಗಿನ ಮೆಮೊರಿ ಮಟ್ಟವನ್ನು 3ಕ್ಕೆ ಇಳಿಸಿದರೆ ಮುಖ್ಯ ಬೇಡಿಕೆ 8 ಕೆಬಿಗೆ ಬರುತ್ತದೆ. ಹೀಗೆ ಮಾಡಿದ ಫೈಲನ್ನೂ ಎಲ್ಲ ಕಡೆ ಬಿಚ್ಚಬಹುದು.
- ಬಿ-ಜಿಪ್2: 900 ಕೆಬಿ ಬ್ಲಾಕಿನಲ್ಲಿ ಕುಗ್ಗಿಸಲು 7,600 ಕೆಬಿ, ಬಿಚ್ಚಲು 3,700 ಕೆಬಿ.
- ಎಕ್ಸ್‌ಝಡ್: ಡೀಫಾಲ್ಟ್ ಮಟ್ಟ 6ರಲ್ಲಿ ಕುಗ್ಗಿಸಲು 94 ಎಂಬಿ, ಬಿಚ್ಚಲು 9 ಎಂಬಿ. ಮಟ್ಟ 9ರಲ್ಲಿ ಕುಗ್ಗಿಸಲು 674 ಎಂಬಿ, ಬಿಚ್ಚಲು 65 ಎಂಬಿ.

ಕೊನೆಯ ಅಂಕಿ ಮತ್ತೊಮ್ಮೆ ನೋಡಿ. "ಹೆಚ್ಚು ಕುಗ್ಗಲಿ" ಅಂತ ಲ್ಯಾಪ್‌ಟಾಪಿನಲ್ಲಿ ಮಟ್ಟ 9 ಹಾಕಿ ದೊಡ್ಡದೊಂದು ಫರ್ಮ್‌ವೇರ್ ಕಳಿಸಿದರೆ, 64 ಎಂಬಿ ರ‍್ಯಾಮ್ ಇರುವ ಬೋರ್ಡ್ ಅದನ್ನು ಬಿಚ್ಚಲಾರದು. ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಯಾರು ಕುಗ್ಗಿಸುತ್ತಾರೆ, ಯಾರು ಬಿಚ್ಚುತ್ತಾರೆ?

ಇದರಿಂದ ಮುಂದಿನ ಪ್ರಶ್ನೆ. ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ ಲ್ಯಾಪ್‌ಟಾಪ್ ಒಮ್ಮೆ ಕುಗ್ಗಿಸುತ್ತದೆ, ಸಾಧನಗಳು ಬಿಚ್ಚುತ್ತವೆ. ಇಲ್ಲಿ ಕುಗ್ಗಿಸಲು ಅರ್ಧ ಗಂಟೆ ಆದರೂ ನಷ್ಟವಿಲ್ಲ, ಬಿಚ್ಚುವ ಮೆಮೊರಿಯೇ ಮುಖ್ಯ. ಎಕ್ಸ್‌ಝಡ್ ಬೇಕಾದರೆ ನಿಘಂಟಿನ ಗಾತ್ರವನ್ನು ನೀವೇ 1 ಎಂಬಿಗೆ ಇಳಿಸಿ ಕೊಡಿ. ಲಾಗರಿನಲ್ಲಿ ಇದು ತಲೆಕೆಳಗು. ಬಡ ಸಾಧನ ಕುಗ್ಗಿಸಬೇಕು, ಶ್ರೀಮಂತ ಲ್ಯಾಪ್‌ಟಾಪ್ ಬಿಚ್ಚುತ್ತದೆ. ಕುಗ್ಗಿಸಲು ಹಗುರವಾಗಿರುವ ಟೂಲೇ ಇಲ್ಲಿ ಬೇಕು.

ಸಣ್ಣ ಲಿನಕ್ಸ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ಯುಸಿಬಾಕ್ಸ್: ಹತ್ತಾರು ಯೂನಿಕ್ಸ್ ಟೂಲುಗಳನ್ನು ಚಿಕ್ಕದು ಮಾಡಿ ಒಂದೇ ಪ್ರೋಗ್ರಾಮಿನಲ್ಲಿ ಹಾಕಿದ ಕಟ್ಟು. ಅದರ ಜಿ-ಜಿಪ್, ಬಿ-ಜಿಪ್2 ಎರಡೂ ಕುಗ್ಗಿಸಬಲ್ಲವು, ಬಿಚ್ಚಬಲ್ಲವು. ಎಕ್ಸ್‌ಝಡ್ ಮಾತ್ರ ಬಿಚ್ಚುವುದಷ್ಟೇ. ಲ್ಯಾಪ್‌ಟಾಪಿನಲ್ಲಿ ಬರೆದ ಸ್ಕ್ರಿಪ್ಟ್ ಬೋರ್ಡಿನಲ್ಲಿ ಓಡದೆ ತಲೆಕೆರೆದುಕೊಳ್ಳುವವರು ಇದನ್ನೊಮ್ಮೆ ನೋಡಿ. ಇನ್ನೊಂದು ಗುಂಡಿ: ಲಿನಕ್ಸ್ ಕರ್ನಲ್ ತಾನೇ ಬಿಚ್ಚಬೇಕಾದ ಫೈಲನ್ನು ಎಕ್ಸ್‌ಝಡ್‌ನಲ್ಲಿ ಮಾಡುವಾಗ ತಪಾಸಣೆಗೆ ಸಿಆರ್‌ಸಿ32 ಅಂತ ಹೇಳಬೇಕು. ಡೀಫಾಲ್ಟ್ ಸಿಆರ್‌ಸಿ64 ಇರುತ್ತದೆ, ಕರ್ನಲ್ ಅದನ್ನು ಒಪ್ಪದೆ ಬೂಟ್ ನಿಂತುಬಿಡಬಹುದು.

ಟೂಲನ್ನು ನಂಬುವ ವಿಷಯವೂ ಇದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬಚ್ಚಿಟ್ಟ ಹಿಂಬಾಗಿಲು ಪತ್ತೆಯಾಯಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಬೆನ್ನು ಹತ್ತಿ ಹಿಡಿದರು. ಎಕ್ಸ್‌ಝಡ್ ಕೆಟ್ಟದ್ದು ಅಂತಲ್ಲ. ಹೊಸ ಆವೃತ್ತಿ ಬಂತು ಅಂತ ಹಿಂದೆ ಮುಂದೆ ನೋಡದೆ ಸಾಧನಕ್ಕೆ ತುಂಬಬೇಡಿ, ಯಾವ ಆವೃತ್ತಿ ಹಾಕಿದ್ದೀರಿ ಬರೆದಿಡಿ, ಅಷ್ಟೇ.

ಬುಟ್ಟಿಯ ತೂಕ

ಕಟ್ಟುವ ಟೂಲಿಗೂ ತೂಕ ಇದೆ. ಟಾರ್ ಹುಟ್ಟಿದ್ದು ಟೇಪಿಗಾಗಿ. ಎಲ್ಲವನ್ನೂ 512 ಬೈಟಿನ ತುಂಡುಗಳಲ್ಲೇ ಇಡುತ್ತದೆ. ಪ್ರತಿ ಫೈಲಿಗೂ 512 ಬೈಟಿನ ತಲೆಬರಹ, ಫೈಲಿನ ಒಳಗಿನದ್ದು 512ರ ಗುಣಕಕ್ಕೆ ತುಂಬಬೇಕು, ಕೊನೆಗೆ ಎರಡು ಖಾಲಿ ತುಂಡು.

ನಮ್ಮ ಗಂಟೆಗೊಂದು 196 ಬೈಟಿನ 24 ಫೈಲುಗಳನ್ನು ಟಾರ್‌ಗೆ ಕೊಡಿ. ಒಂದೊಂದಕ್ಕೂ 1,024, ಒಟ್ಟು 24,576, ಕೊನೆಯ 1,024 ಸೇರಿ 25,600. ಗ್ನೂ ಟಾರ್ ಡೀಫಾಲ್ಟಾಗಿ ಇದನ್ನು 10,240ರ ಗುಣಕಕ್ಕೆ ಏರಿಸುವುದರಿಂದ 30,720 ಬೈಟು. ಸರಕು 4,704, ಬುಟ್ಟಿ ಸೇರಿ 30,720! ಆಮೇಲೆ ಕುಗ್ಗಿಸಿದರೆ ಈ ಸೊನ್ನೆಗಳೆಲ್ಲ ಕರಗುತ್ತವೆ ನಿಜ. ಕುಗ್ಗಿಸದೆ ಇಟ್ಟರೆ ಇದು ಶುದ್ಧ ದಂಡ. ಅದೇ ಕೆಲಸಕ್ಕೆ ಹಳೆಯ ಎಆರ್ ಫಾರ್ಮ್ಯಾಟ್ ಬಳಸಿದರೆ ಫೈಲಿಗೆ 60 ಬೈಟಿನ ತಲೆಬರಹ, ಆರಂಭಕ್ಕೆ 8 ಬೈಟು: ಒಟ್ಟು 6,152. ಕಂಪೈಲರ್ ಲೈಬ್ರರಿ ಫೈಲುಗಳಲ್ಲಿ ಇಂದಿಗೂ ಇರುವುದು ಈ ಎಆರ್. ಲಿನಕ್ಸ್ ಬೂಟ್ ಆಗುವಾಗಿನ ಮೊದಲ ಫೈಲ್‌ವ್ಯವಸ್ಥೆಗೆ ಬಳಕೆಯಲ್ಲಿರುವುದು ಸಿಪಿಐಒ.

ಜಿಪ್‌ಗೂ ಟಾರ್-ಜಿಜಿಪ್‌ಗೂ ಇನ್ನೊಂದು ವ್ಯತ್ಯಾಸ ಇದೆ. ಜಿಪ್ ಪ್ರತಿ ಫೈಲನ್ನೂ ಬೇರೆ ಬೇರೆ ಕುಗ್ಗಿಸುವುದರಿಂದ ಮಧ್ಯದ ಒಂದನ್ನು ಮಾತ್ರ ತೆಗೆಯಬಹುದು. ಆದರೆ ಅದರ ಪರಿವಿಡಿ ಇರುವುದು ಫೈಲಿನ ಕೊನೆಯಲ್ಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಪರಿವಿಡಿಯೇ ಇಲ್ಲ. ಟಾರನ್ನು ಒಟ್ಟಾಗಿ ಕುಗ್ಗಿಸಿದರೆ ಗಾತ್ರ ಚೆನ್ನಾಗಿ ಇಳಿಯುತ್ತದೆ, ಆದರೆ ನಡುವೆ ಒಂದು ಬೈಟು ಕೆಟ್ಟರೆ ಅಲ್ಲಿಂದ ಮುಂದಿನದ್ದೆಲ್ಲ ಅನುಮಾನ.

ಆ ರಾತ್ರಿ ಆದದ್ದೇನು?

ಈಗ ನಮ್ಮ ಸೊನ್ನೆ ಬೈಟಿಗೆ ಬರೋಣ. ಹಫ್‌ಮನ್ ಪಟ್ಟಿ ಮಾಡಬೇಕಾದರೆ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಅದಕ್ಕಾಗಿ ಝಡ್‌ಲಿಬ್ ಡೀಫಾಲ್ಟಾಗಿ ಸುಮಾರು 16,000 ಸಂಕೇತಗಳು ಸೇರುವವರೆಗೆ ಎಲ್ಲವನ್ನೂ ರ‍್ಯಾಮಿನಲ್ಲೇ ಇಟ್ಟುಕೊಂಡು ಕಾಯುತ್ತದೆ. ನಮ್ಮ ಒಂದು ಸಾಲು, ಬಹುಪಾಲು ಹಿಂದಿನ ಸಾಲಿನ ನಕಲೇ ಆದ್ದರಿಂದ, ಏಳೆಂಟು ಸಂಕೇತವಾಗುತ್ತದೆ ಅಂತಿಟ್ಟುಕೊಳ್ಳಿ. ಸಾಲಿಗೆ 8ರಂತೆ ಇಡೀ ದಿನದ 1,440 ಸಾಲಿಗೆ 11,520. ಅಂದರೆ ದಿನ ಮುಗಿದು ಫೈಲ್ ಮುಚ್ಚುವವರೆಗೂ ಕಾರ್ಡಿಗೆ ಏನೂ ಹೋಗಬೇಕಾಗಿಯೇ ಇರಲಿಲ್ಲ! ಎಷ್ಟು ಚೆನ್ನಾಗಿ ಕುಗ್ಗುತ್ತದೋ ಅಷ್ಟು ಹೊತ್ತು ಡೇಟಾ ರ‍್ಯಾಮಿನಲ್ಲಿ ಕೂತಿರುತ್ತದೆ. ಬ್ಯಾಟರಿ ಸತ್ತಾಗ ರ‍್ಯಾಮ್ ಖಾಲಿ, ದಿನವೂ ಖಾಲಿ.

ನಾವು ತಿಂಗಳುಗಟ್ಟಲೆ ಓದಿದ ಕೋಡ್ ಅದು. ತಪ್ಪು ಕೋಡಿನ ಯಾವ ಸಾಲಲ್ಲೂ ಇರಲಿಲ್ಲ, ಟೂಲಿನ ಸ್ವಭಾವ ತಿಳಿಯದೆ ಅದನ್ನು ಆರಿಸಿದ್ದರಲ್ಲಿ ಇತ್ತು.

ಪರಿಹಾರ ಮೂರು. ಒಂದು, ಆಗಾಗ "ಇದುವರೆಗಿನದ್ದನ್ನು ಹೊರಹಾಕು" ಅಂತ ಟೂಲಿಗೆ ಹೇಳುವುದು, ಅಂದರೆ ಫ್ಲಶ್. ಪ್ರತಿ ಸಲ ನಾಲ್ಕೈದು ಬೈಟು ದಂಡ, ಗಾತ್ರ ಇಳಿಯುವುದೂ ಸ್ವಲ್ಪ ಕಡಿಮೆ. ಜೊತೆಗೆ ಆಪರೇಟಿಂಗ್ ಸಿಸ್ಟಮ್ಮಿಗೂ "ಕಾರ್ಡಿಗೆ ಬರೆದುಬಿಡು" ಅಂತ ಬೇರೆಯಾಗಿ ಹೇಳಬೇಕು. ಎರಡು, ಗಂಟೆಗೊಂದು ಜಿ-ಜಿಪ್ ತುಂಡು ಮಾಡುವುದು. ಜಿ-ಜಿಪ್ ಫೈಲುಗಳನ್ನು ಒಂದರ ಹಿಂದೊಂದು ಜೋಡಿಸಿದರೂ ಅದು ಸರಿಯಾದ ಜಿ-ಜಿಪ್ ಫೈಲೇ. ತುಂಡಿಗೆ 18 ಬೈಟು ತಲೆಬಾಲ, ದಿನಕ್ಕೆ 432. ಹೋದರೆ ಒಂದು ಗಂಟೆಯದ್ದು ಹೋಗುತ್ತದೆ. ಜೋಡಿಸುವ ಕೆಲಸ ಲ್ಯಾಪ್‌ಟಾಪಿನಲ್ಲೇ ಆಗಲಿ, ಅರ್ಧ ಬರೆದ ತುಂಡಿನ ಹಿಂದೆ ಹೊಸದು ಸೇರಿದರೆ ಓದುವುದು ಕಷ್ಟ.

ಮೂರನೆಯದು ನಮಗೆ ಹೊಳೆದದ್ದು ಎಲ್ಲಕ್ಕಿಂತ ತಡವಾಗಿ: ಕುಗ್ಗಿಸದೇ ಇರುವುದು.

ಅಸಲಿಗೆ ಬೇಕಾ?

ಕುಗ್ಗಿಸದ ಸಾಲುಗಳು ವರ್ಷಕ್ಕೆ 1,78,70,400 ಬೈಟು, ಅಂದರೆ ಸುಮಾರು 18 ಎಂಬಿ. ನಮ್ಮ ಕಾರ್ಡ್ 4 ಜಿಬಿ. ಭಾಗಿಸಿ ನೋಡಿ, ಇನ್ನೂರು ವರ್ಷಕ್ಕೂ ಹೆಚ್ಚು ಸಾಕಾಗುತ್ತದೆ. ಇಲ್ಲದ ಕೊರತೆಗೆ ನಾವು ಒಂದು ಇಡೀ ದಿನ ಬಲಿ ಕೊಟ್ಟಿದ್ವಿ.

ಅದಕ್ಕಿಂತ ತಮಾಷೆ ಇನ್ನೊಂದಿದೆ. ಕಾರ್ಡಿನ ಫೈಲ್‌ವ್ಯವಸ್ಥೆ ಜಾಗವನ್ನು 4 ಕೆಬಿ ತುಂಡಿನಲ್ಲಿ ಹಂಚುತ್ತದೆ ಅಂತಿಟ್ಟುಕೊಳ್ಳಿ. 48,960 ಬೈಟಿನ ಒಂದು ದಿನದ ಫೈಲಿಗೆ 12 ತುಂಡು, 48 ಕೆಬಿ. ಗಂಟೆಗೊಂದರಂತೆ ಕುಗ್ಗಿಸಿದ 24 ಪುಟ್ಟ ಫೈಲಿಗೆ 24 ತುಂಡು, 96 ಕೆಬಿ. ಕುಗ್ಗಿಸಿದ ಮೇಲೆ ಜಾಗ ಎರಡು ಪಟ್ಟಾಯಿತು!

ಹಾಗಂತ ಕಂಪ್ರೆಶನ್ ಬೇಡವೇ ಬೇಡ ಅಂತಲ್ಲ. ಕಾರ್ಡ್ ಇಲ್ಲದೆ ಚಿಪ್ಪಿನ ಫ್ಲ್ಯಾಶಿನಲ್ಲೇ 2 ಎಂಬಿ ಉಳಿದಿದ್ದರೆ ಕುಗ್ಗಿಸದ ಸಾಲುಗಳು 42 ದಿನಕ್ಕೆ ತುಂಬುತ್ತವೆ. ಜೂನ್‌ನಿಂದ ಸೆಪ್ಟೆಂಬರ್ 122 ದಿನ, ಸಾಲದು. ಡೆಲ್ಟಾ ಮಾಡಿದರೆ ದಿನಕ್ಕೆ 4,704ರಂತೆ 445 ದಿನ ಬರುತ್ತದೆ. ಅಲ್ಲೂ ಮೊದಲು ಬೇಕಾದದ್ದು ದೊಡ್ಡ ಟೂಲಲ್ಲ, ಡೇಟಾದ ಪರಿಚಯ.

ಬೈಟಿಗೆ ನಿಜವಾದ ಬೆಲೆ ಇರುವುದು ರೇಡಿಯೊದಲ್ಲಿ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಓಡುವ ಲೋರಾವ್ಯಾನ್ ಅತಿ ನಿಧಾನದ ದರದಲ್ಲಿ ಒಂದು ಸಂದೇಶಕ್ಕೆ ಕೊಡುವುದು 51 ಬೈಟು. ಜಿ-ಜಿಪ್‌ನ ತಲೆಬಾಲವೇ 18 ಬೈಟು, ಮೂರನೇ ಒಂದು ಪಾಲಿಗೂ ಹೆಚ್ಚು! ಬದಲಿಗೆ ಕ್ರಮಸಂಖ್ಯೆಗೆ 2 ಬೈಟು, ಮೊದಲ ನಿಮಿಷದ ಪೂರ್ಣ ಬೆಲೆಗಳಿಗೆ 6, ಉಳಿದ 14 ನಿಮಿಷಗಳ ಡೆಲ್ಟಾಗೆ 42: ಒಟ್ಟು 50. ಕಾಲು ಗಂಟೆಯ ಪೂರ್ತಿ ಅಳತೆ ಒಂದೇ ಸಂದೇಶದಲ್ಲಿ. ಪ್ರತಿ ಸಂದೇಶದಲ್ಲೂ ಪೂರ್ಣ ಬೆಲೆ ಇರುವುದರಿಂದ ಒಂದು ಕಳೆದುಹೋದರೂ ಮುಂದಿನದ್ದು ಕೆಡುವುದಿಲ್ಲ. ದೊಡ್ಡ ಜಿಗಿತ ಬಂದು 51 ಮೀರಿದರೆ ಸಂದೇಶವನ್ನು ಎರಡು ಮಾಡಿದರಾಯಿತು.

ಕನ್ನಡ ಸಂದೇಶ ಕಳಿಸಬೇಕಾದರೆ

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಹೇಳದಿದ್ದರೆ ಹೇಗೆ? ದಂಡೆಯಲ್ಲಿ ಒಂದು ಬೋರ್ಡ್ ಇಟ್ಟು "ನೀರು ಏರುತ್ತಿದೆ" ಅಂತ ತೋರಿಸಬೇಕು ಅನ್ನಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. "ಕಾಸರಕೋಡ" ಅನ್ನುವುದರಲ್ಲಿ ಕ, ದೀರ್ಘ, ಸ, ರ, ಕ, ಓಕಾರ, ಡ ಸೇರಿ 7 ಚಿಹ್ನೆ, 21 ಬೈಟು. ಒಳಗೆ ನೋಡಿದರೆ ಏಳೂ ಚಿಹ್ನೆಗಳ ಮೊದಲ ಬೈಟು 224. ಎರಡನೆಯದು ಆರು ಸಲ 178, ಓಕಾರಕ್ಕೆ ಮಾತ್ರ 179. ನಿಜವಾದ ಸುದ್ದಿ ಇರುವುದು ಮೂರನೇ ಬೈಟಿನಲ್ಲಿ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟ ಮನೆಗಳು 128. ಆಸ್ಕಿಯ ಮನೆಗಳೂ 128. ಕೂಡಿದರೆ 256, ಸರಿಯಾಗಿ ಒಂದು ಬೈಟು! ಕನ್ನಡದ ಕೋಡಿನಿಂದ ಕಳೆದು 128 ಕೂಡಿಸುವ ಒಂದು ಸಾಲಿನ ಕೋಡ್ ಬರೆದರೆ "ಕಾಸರಕೋಡ" 21ರಿಂದ 7 ಬೈಟಿಗೆ ಇಳಿಯುತ್ತದೆ. ಅರ್ಕಾವತ್ತು ಬಿಡಿಸಿ ಬರೆಯಲು ಬೇಕಾಗುವ ಜೋಡಕ ಚಿಹ್ನೆಗಳು ಈ ಮನೆಗಳ ಹೊರಗಿವೆ, ಅವಕ್ಕೆ ಬಳಕೆಯಿಲ್ಲದ ಆಸ್ಕಿ ಸಂಖ್ಯೆ ಕೊಡಬಹುದು. ಇದೇ ತತ್ವದ ಮೇಲೆ ಯೂನಿಕೋಡಿನದ್ದೇ ಆದ ಎಸ್‌ಸಿಎಸ್‌ಯು ಅನ್ನುವ ಪದ್ಧತಿಯೂ ಇದೆ. 2001ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ತಂದರು, ಲಿನಕ್ಸ್ ಓಡುವ ಅಂಗೈ ಗಾತ್ರದ ಕಂಪ್ಯೂಟರ್. ಭಾರತೀಯ ಭಾಷೆಗಳನ್ನು ಸಣ್ಣ ಸಾಧನಕ್ಕೆ ತರುವ ಆ ಕೆಲಸವನ್ನು ಈಗ ನಾವು ನೂರಾರು ರೂಪಾಯಿಯ ಚಿಪ್ಪಿನಲ್ಲಿ ಮುಂದುವರಿಸಬಹುದು.

ನಾವು ಕೊನೆಗೆ ಮಾಡಿದ್ದು

ಕಾರ್ಡಿನ ಮೇಲೆ ಕುಗ್ಗಿಸದ ಸಾಲುಗಳು, ದಿನಕ್ಕೊಂದು ಫೈಲ್, ಪ್ರತಿ ನಿಮಿಷವೂ ಕಾರ್ಡಿಗೆ ಬರೆದು ಖಾತ್ರಿ. ರೇಡಿಯೊಗೆ 50 ಬೈಟಿನ ಡೆಲ್ಟಾ ಸಂದೇಶ. ಕಾರ್ಡ್ ರೂಮಿಗೆ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ತಿಂಗಳಿಗೊಂದು ಟಾರ್, ಅದರ ಮೇಲೆ ಎಕ್ಸ್‌ಝಡ್. ಬಿಚ್ಚಿ ನೋಡಿ, ಮೂಲದ ಜೊತೆ ತಾಳೆ ಹಾಕಿದ ಮೇಲೆಯೇ ಕಾರ್ಡ್ ಅಳಿಸುವುದು. ಸಂದೇಶದ ಯಾವ ಬೈಟಿನಲ್ಲಿ ಏನಿದೆ ಅಂತ ಕನ್ನಡದಲ್ಲೇ ಒಂದು ಪುಟ ಬರೆದು ಆರ್ಕೈವಿನೊಳಗೆ ಇಟ್ಟಿದ್ದೇವೆ. ನಮ್ಮ ಜೂನಿಯರ್ಸ್ ಐದು ವರ್ಷ ಬಿಟ್ಟು ತೆರೆದಾಗ ನಾವು ಇಲ್ಲಿ ಇರುವುದಿಲ್ಲವಲ್ಲ.

ನಿಮ್ಮ ಪ್ರಾಜೆಕ್ಟಿಗೆ ಟೂಲ್ ಆರಿಸುವಾಗ ಈ ಕ್ರಮದಲ್ಲಿ ಕೇಳಿಕೊಳ್ಳಿ:

1. ಕುಗ್ಗಿಸುವ ಅಗತ್ಯ ನಿಜವಾಗಿ ಇದೆಯಾ? ಜಾಗಕ್ಕಾ, ರೇಡಿಯೊಗಾ?
2. ಈ ಕ್ಷಣ ಕರೆಂಟ್ ಹೋದರೆ ಎಷ್ಟು ಡೇಟಾ ಹೋಗುತ್ತದೆ? ಅಷ್ಟು ಹೋದರೆ ಪರವಾಗಿಲ್ಲವಾ?
3. ಡೇಟಾದ ಸ್ವಭಾವ ಏನು? ಡೆಲ್ಟಾ, ಪೂರ್ಣಾಂಕ ಇಷ್ಟರಲ್ಲೇ ಮುಗಿಯುತ್ತದಾ?
4. ಯಾರು ಕುಗ್ಗಿಸುತ್ತಾರೆ, ಯಾರು ಬಿಚ್ಚುತ್ತಾರೆ, ಅವರವರ ರ‍್ಯಾಮ್ ಎಷ್ಟು?
5. ಹತ್ತು ವರ್ಷದ ಮೇಲೆ ಇದನ್ನು ಯಾರು, ಯಾವುದರಿಂದ ತೆರೆಯುತ್ತಾರೆ? ಲೈಸೆನ್ಸ್ ಏನು?
6. ಇಷ್ಟಾದ ಮೇಲೆ ಉಳಿದವುಗಳಲ್ಲಿ ಯಾವುದು ಹೆಚ್ಚು ಕುಗ್ಗಿಸುತ್ತದೆ?

ಮನೆಗೆಲಸವೂ ಒಂದಿದೆ. ನಿಮ್ಮ ಲಾಗರ್ ಓಡುತ್ತಿರುವಾಗ ಹೇಳದೆ ಕೇಳದೆ ಪ್ಲಗ್ ಕಿತ್ತು, ಕಾರ್ಡಿನಲ್ಲಿ ಏನು ಉಳಿದಿದೆ ನೋಡಿ. ಈ ಪರೀಕ್ಷೆ ಲ್ಯಾಬಿನಲ್ಲೇ ಆಗಲಿ. ಪ್ರೋಗ್ರಾಮ್ ಮತ್ತೆ ಓಡಿಸಬಹುದು, ಕಾಸರಕೋಡಿನಲ್ಲಿ ಆ ರಾತ್ರಿ ಏರಿದ ನೀರನ್ನು ಮತ್ತೆ ಅಳೆಯಲು ಆಗುವುದಿಲ್ಲ. ನಮ್ಮ ಹತ್ತಿರ ಈಗ ಇರುವುದು ಕಂಬದ ಆ ಕೆಸರಿನ ಗೆರೆಯ ಒಂದು ಫೋಟೋ ಮಾತ್ರ. ಟೇಪ್ ಹಿಡಿದು ಗೆರೆಯ ಎತ್ತರ ಅಳೆದು, ಫೈಲಿನಲ್ಲಿ ಆ ದಿನದ ಎದುರು ಅದೊಂದೇ ಸಂಖ್ಯೆ ಬರೆದಿದ್ದೇವೆ.